ಕೈ ಬರೆಯಲು ಬಾರದ ಚಿತ್ರಗಾರ

“ಅವ್ವಾ, ಮನಸ್ಸಿನಲ್ಲಿ ಇದ್ದರೆ ಸಾಲದೇ? ಬಾಯಿಬಿಟ್ಟು ಹೇಳಲೇಬೇಕೇ?” ಎಂದು ಮರುಳಪ್ಪ ಕೇಳಿದ.

ಕೇಳಿದ್ದು ನಿಂಬವ್ವತಾಯಿಯನ್ನು. ಆ ಮಠದಲ್ಲಿ ಎಲ್ಲರಿಗೂ ಅವರೇ ಗುರು. ಓದಿದ್ದು ಅಷ್ಟಕ್ಕಷ್ಟೇ. ಆದರೆ ದರ್ಶನಕ್ಕೆ ಬಂದವರೆಲ್ಲ ಮೊದಲು ಕಾಲಿಗೆ ಬಿದ್ದು, ಆಮೇಲೆ ತಮ್ಮ ಮನೆಯದನ್ನೂ ಪಕ್ಕದ ಮನೆಯದನ್ನೂ ಅವರ ಮುಂದೆ ಸುರಿದು ಹೋಗುತ್ತಿದ್ದರು. ಹೀಗಾಗಿ ಸುತ್ತಲಿನ ಊರುಗಳಲ್ಲಿ ಅವರಿಗೆ ತಿಳಿಯದ ಸುದ್ದಿಯಿರಲಿಲ್ಲ. ಕೇಳಿದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುವ ಜಾತಿಯೂ ಅವರದಲ್ಲ.

ಮರುಳಪ್ಪನ ಪ್ರಶ್ನೆಗೆ ಕಾರಣವಿತ್ತು. ಹಿಂದಿನ ದಿನ ಊಟದ ಪಂಕ್ತಿಯಲ್ಲಿ, ನಾಲ್ಕು ಜನರ ಎದುರಿಗೆ, ಅವನು ಜೊತೆಯ ಶಿಷ್ಯ ಗುರುಪಾದನನ್ನು ಉಂಡಾಡಿ ಎಂದು ಜರೆದಿದ್ದ. ಗುರುಪಾದ ಎಲೆ ಬಿಟ್ಟು ಎದ್ದುಹೋಗಿದ್ದ. ಬೆಳಗಿನಿಂದ ಮಠ ಬಿಡುವ ಮಾತಾಡುತ್ತಿದ್ದ.

“ಅವನನ್ನು ಕಂಡರೆ ನನಗೆ ಎಷ್ಟು ಪ್ರೀತಿ ಎಂಬುದು ಅವನಿಗೇ ಗೊತ್ತು,” ಎಂದ ಮರುಳಪ್ಪ. “ತಪ್ಪಾಯಿತೆಂದು ಬೇರೆ ಹೇಳಬೇಕೇ? ಮನಸ್ಸು ಮನಸ್ಸಿಗೆ ತಿಳಿಯುವುದಿಲ್ಲವೇ?”

ನಿಂಬವ್ವತಾಯಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಕೂತರು.

“ಒಂದು ಕತೆ ಹೇಳುತ್ತೇನೆ, ಕೇಳು. ಹೆಸರು ಮಾತ್ರ ಕೇಳಬೇಡ. ಹೇಳಿದರೆ ನಾಳೆ ಎರಡೂ ಕಡೆಯ ನೆಂಟರು ಬಂದು ನನ್ನ ಜುಟ್ಟು ಹಿಡಿದಾರು,” ಎಂದರು. ಆಮೇಲೆ ಹೇಳತೊಡಗಿದರು.

ಒಂದು ದೊಡ್ಡ ಪಟ್ಟಣದಲ್ಲಿ ಇಬ್ಬರು ಚಿತ್ರಗಾರರಿದ್ದರು. ಒಬ್ಬ ಉದ್ದ, ಒಬ್ಬ ಗಿಡ್ಡ. ಅವರು ಒಬ್ಬರನ್ನೊಬ್ಬರು ಕರೆಯುತ್ತಿದ್ದುದೇ ಹಾಗೆ, “ಲೋ ಉದ್ದ”, “ಲೇ ಗಿಡ್ಡ” ಎಂದು. ಇಬ್ಬರೂ ಒಂದೇ ಚಿತ್ರಶಾಲೆಯಲ್ಲಿ ಕಲಿತವರು. ಕಲಿತ ಮೇಲೆ ಒಂದೇ ಕೋಣೆ ಹಿಡಿದರು. ಒಂದೇ ಒಲೆ, ಒಂದೇ ಚಾಪೆ, ಬಣ್ಣದ ಟ್ಯೂಬುಗಳೂ ಇಬ್ಬರಿಗೂ ಸೇರಿದವು. ಅನ್ನ ಮಾಡುವ ಪಾತ್ರೆಯಲ್ಲಿ ಬ್ರಶ್ಶು ತೊಳೆದರು ಎಂದು ಮನೆಯ ಮಾಲಕಿ ಬೀದಿಗೆಲ್ಲ ಹೇಳಿಕೊಂಡು ತಿರುಗಿದಳು. ಅದು ಸುಳ್ಳಲ್ಲ.

ಉದ್ದನಿಗೆ ಮುಖ ಬರೆಯುವುದು ಬಂದಿತ್ತು, ಬಣ್ಣ ಬಂದಿತ್ತು. ಅವನು ಬರೆದ ಮುಖ ನೋಡಿದರೆ, ಇವಳಿಗೆ ಮನೆಯಲ್ಲಿ ಏನೋ ಆಗಿದೆ ಎಂದು ನೋಡಿದವರಿಗೆ ಅನ್ನಿಸುತ್ತಿತ್ತು. ಆದರೆ ಕೈ ಬರೆಯುವುದು ಮಾತ್ರ ಅವನಿಗೆ ಬರಲಿಲ್ಲ. ಬರೆದರೆ ಬದನೆಕಾಯಿ ಜೋತುಬಿದ್ದ ಹಾಗೆ ಕಾಣುತ್ತಿತ್ತು. ಗಿಡ್ಡನದು ಇದಕ್ಕೆ ತದ್ವಿರುದ್ಧ. ಅವನು ಬರೆದ ಮುಖಗಳೆಲ್ಲ ರೇಷನ್ ಕಾರ್ಡಿನ ಫೋಟೋ. ಕೈ ಬರೆದನೆಂದರೆ ಮಾತ್ರ, ಆ ಕೈ ಈಗಷ್ಟೇ ಹಿಟ್ಟು ನಾದಿ ಬಂದದ್ದೋ, ಯಾರಿಗೋ ಹೊಡೆದು ಬಂದದ್ದೋ ಎಂದು ಹೇಳಬಹುದಾಗಿತ್ತು.

ಅದಕ್ಕೆ ಅವರು ಒಂದು ಪದ್ಧತಿ ಮಾಡಿಕೊಂಡರು. ಉದ್ದ ತನ್ನ ಚಿತ್ರದಲ್ಲಿ ಕೈಯಿರುವ ಜಾಗವನ್ನು ಖಾಲಿ ಬಿಡುತ್ತಿದ್ದ. ಗಿಡ್ಡ ಬಂದು ಅಲ್ಲಿ ಕೈ ಬರೆಯುತ್ತಿದ್ದ. ಗಿಡ್ಡ ತನ್ನ ಚಿತ್ರದಲ್ಲಿ ಮುಖ ಖಾಲಿ ಬಿಡುತ್ತಿದ್ದ. ಉದ್ದ ಬಂದು ತುಂಬುತ್ತಿದ್ದ. ಕೆಳಗೆ ಸಹಿ ಮಾತ್ರ ಚಿತ್ರ ಯಾರದೋ ಅವರದು. ಇದನ್ನು ಯಾರಿಗೂ ಹೇಳಬೇಕೆಂದು ಅವರಿಗೆ ತೋಚಲಿಲ್ಲ. ಹೇಳಬಾರದೆಂದೂ ತೋಚಲಿಲ್ಲ. ಯಾರೂ ಕೊಳ್ಳದ ಚಿತ್ರಗಳ ಒಡೆತನಕ್ಕೆ ಯಾರು ಜಗಳವಾಡುತ್ತಾರೆ?

ಆ ಪಟ್ಟಣದಲ್ಲಿ ಒಬ್ಬ ಹೆಂಗಸು ಗ್ಯಾಲರಿ ನಡೆಸುತ್ತಿದ್ದಳು. ಚಿತ್ರಗಳನ್ನು ಗೋಡೆಗೆ ಹಾಕಿ, ಉಳ್ಳವರನ್ನು ಕರೆದು ಮಾರುವ ಅಂಗಡಿ ಅದು. ಅಂಗಡಿ ಎಂದರೆ ಆಕೆಗೆ ಸಿಟ್ಟು ಬರುತ್ತಿತ್ತು. ಗಂಜಿ ಹಾಕಿದ ಕೈಮಗ್ಗದ ಸೀರೆ, ಹಣೆಗೆ ರೂಪಾಯಿಯಗಲದ ಕುಂಕುಮ, ಕೊರಳಲ್ಲಿ ಲಂಬಾಣಿಗರ ಬೆಳ್ಳಿ. ಗಂಡ ಎಲ್ಲಿದ್ದಾನೆಂದು ಆಕೆಯನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವಳು ಒಂದು ದಿನ ಇವರ ಕೋಣೆಗೆ ಬಂದಳು. ಇಬ್ಬರ ಚಿತ್ರಗಳನ್ನೂ ನೋಡಿದಳು. ಉದ್ದನದನ್ನು ಆರಿಸಿಕೊಂಡಳು.

“ಮೊದಲು ನಿನ್ನದಾಗಲಿ, ಆಮೇಲೆ ನನ್ನದು,” ಎಂದ ಗಿಡ್ಡ. ಅವನಿಗೆ ಹೊಟ್ಟೆಕಿಚ್ಚಾಗಲಿಲ್ಲ. ಆಗಿದ್ದರೆ ಈ ಕತೆ ಇಷ್ಟು ಕೆಡುತ್ತಿರಲಿಲ್ಲ.

ಪ್ರದರ್ಶನದ ಉದ್ಘಾಟನೆಯ ದಿನ ಬಂತು. ದೀಪ ಹಚ್ಚಿದರು, ಗೋಡಂಬಿ ಹಂಚಿದರು. ಒಬ್ಬ ವಿಮರ್ಶಕ ಬಂದಿದ್ದ. ಅವನು ಹೌದು ಎಂದರೆ ಹೌದು, ಅಲ್ಲ ಎಂದರೆ ಅಲ್ಲ. ಅವನು ಎಲ್ಲ ಚಿತ್ರಗಳನ್ನೂ ಬಿಟ್ಟು, ಅಕ್ಕಿಯಲ್ಲಿ ಕಲ್ಲು ಆರಿಸುತ್ತಿರುವ ಹೆಂಗಸಿನ ಚಿತ್ರದ ಮುಂದೆ ನಿಂತ. ನಿಂತವನು ಕದಲಲಿಲ್ಲ. ಜನ ಸೇರಿದರು.

“ಮುಖ ಯಾರು ಬೇಕಾದರೂ ಬರೆಯುತ್ತಾರೆ,” ಎಂದ ವಿಮರ್ಶಕ. “ಈ ಕೈ ನೋಡಿ. ಇಂಥ ಕೈ ಬರೆಯುವವನು ನಮ್ಮಲ್ಲಿ ಇನ್ನೊಬ್ಬನಿಲ್ಲ. ಇದನ್ನು ಎಲ್ಲಿ ಕಲಿತಿರಿ?”

ಗಿಡ್ಡ ಅಲ್ಲೇ ಇದ್ದ, ಕಾಫಿಯ ಲೋಟ ಹಿಡಿದುಕೊಂಡು. ಉದ್ದ ಅವನ ಕಡೆ ನೋಡಿದ. ಗಿಡ್ಡ ಆಗಲೇ ನಗತೊಡಗಿದ್ದ. ಉದ್ದ ತನ್ನನ್ನು ತೋಳು ಹಿಡಿದು ಮುಂದೆ ಎಳೆಯುತ್ತಾನೆ, ತಾನು ನಾಚಿಕೊಂಡು ಬೇಡ ಬೇಡ ಎನ್ನಬೇಕು ಎಂದು ಅವನು ಸಿದ್ಧನಾಗಿ ನಿಂತಿದ್ದ.

ಉದ್ದ ತಲೆ ಬಾಗಿಸಿ, “ನನ್ನ ತಾಯಿಯ ಕೈ ನೋಡಿ ನೋಡಿ ಕಲಿತೆ,” ಎಂದ.

ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಲವರು ಕಣ್ಣೊರೆಸಿಕೊಂಡರು. ತಾಯಿಯ ಕೈಯಂತೆ! ಆ ತಾಯಿ ಇನ್ನೂ ಬದುಕಿದ್ದಳು. ಪತ್ರಿಕೆಯಲ್ಲಿ ಬಂದದ್ದನ್ನು ಯಾರೋ ಓದಿ ಹೇಳಿದಾಗ, “ನನ್ನ ಕೈಯನ್ನೇ? ಬಡಿಸುವಾಗ ತಟ್ಟೆ ನೋಡುತ್ತಿದ್ದ, ಅಷ್ಟೆ,” ಎಂದು ನಕ್ಕಳಂತೆ.

ಗಿಡ್ಡ ಜಗಳವಾಡಲಿಲ್ಲ. ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಕೋಣೆಗೆ ಹೋಗಿ ತನ್ನ ಬಟ್ಟೆ ಕಟ್ಟಿಕೊಂಡ. ಬಣ್ಣದ ಟ್ಯೂಬುಗಳನ್ನು ಹಾಗೆಯೇ ಬಿಟ್ಟ. ದೂರದ ಒಂದು ಸಣ್ಣ ಊರಿಗೆ ಹೋಗಿ, ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾದ. ಮದುವೆಯಾದ. ಮಕ್ಕಳಿಗೆ ಮಾವಿನಹಣ್ಣು, ರಾಷ್ಟ್ರಧ್ವಜ ಬರೆಯಲು ಕಲಿಸಿದ. ಆ ಕೈಗಳ ವಿಷಯ ಯಾರ ಮುಂದೆಯೂ ಎತ್ತಲಿಲ್ಲ. ಎತ್ತಿದ್ದರೆ ಉದ್ದ ಅವನನ್ನು ಹೊಟ್ಟೆಕಿಚ್ಚಿನವನೆಂದು ಬೈದು ಹಗುರಾಗಬಹುದಿತ್ತು. ಆ ಅನುಕೂಲವನ್ನೂ ಗಿಡ್ಡ ಅವನಿಗೆ ಕೊಡಲಿಲ್ಲ.

ಈಗ ಉದ್ದನಿಗೆ ಪೇಚಾಟ ಶುರುವಾಯಿತು. ಚಿತ್ರ ಕೇಳುವವರು ಹೆಚ್ಚಾದರು. ಕೈ ಬರೆಯುವವನು ಇಲ್ಲ. ಅವನು ಏನು ಮಾಡಿದ ಗೊತ್ತೇ? ಕೈಗಳನ್ನು ಬಚ್ಚಿಟ್ಟ. ಒಬ್ಬಳ ಕೈ ಸೆರಗಿನೊಳಗೆ, ಒಬ್ಬನ ಕೈ ಜೇಬಿನೊಳಗೆ, ಇನ್ನೊಬ್ಬಳದು ಹಿಟ್ಟಿನ ಪರಾತದೊಳಗೆ, ಒಬ್ಬ ಮುದುಕನದು ಬೆನ್ನ ಹಿಂದೆ. ಮದುಮಕ್ಕಳ ಚಿತ್ರ ಬರೆದ, ಇಬ್ಬರ ಕೈಯೂ ಹಾರದ ಕೆಳಗೆ ಮಾಯ. ಗುಟ್ಟು ರಟ್ಟಾಗುತ್ತದೆಂದು ನಡುಗುತ್ತಿದ್ದ.

ಆ ವಿಮರ್ಶಕ ಬಂದ. ನೋಡಿದ. “ಅಡಗಿದ ಕೈಗಳು ನಮ್ಮ ಕಾಲದ ಅಸಹಾಯಕತೆಯ ಸಂಕೇತ,” ಎಂದು ಬರೆದ.

ಮುಗಿಯಿತು. ಉದ್ದ ಇನ್ನೂ ದೊಡ್ಡವನಾದ. ಅವನನ್ನು ನೋಡಿ ಎಳೆಯ ಚಿತ್ರಗಾರರೆಲ್ಲ ಕೈ ಬಚ್ಚಿಡತೊಡಗಿದರು. ಕೈ ಬರೆಯಲು ಬರುತ್ತಿದ್ದವರೂ ಬಿಟ್ಟರು. ಆ ಪಟ್ಟಣದ ಗ್ಯಾಲರಿಗಳಿಗೆ ಹೋದರೆ, ಗೋಡೆಯ ತುಂಬ ಕೈಯಿಲ್ಲದ ಜನ. ಉಳ್ಳವರು ಅದನ್ನೇ ಕೊಂಡು ಊಟದ ಮೇಜಿನ ಎದುರಿಗೆ ಹಾಕಿಕೊಂಡರು.

ಉದ್ದನಿಗೂ ಗ್ಯಾಲರಿಯ ಯಜಮಾನಿಗೂ ಏನೋ ಇದೆ ಎಂದು ಜನ ಆಡಿಕೊಂಡರು. ಇತ್ತೋ ಇಲ್ಲವೋ, ನಾನು ದೀಪ ಹಿಡಿದು ನೋಡಿದವಳಲ್ಲ. ಇದ್ದಿದ್ದರೆ ಒಳ್ಳೆಯದೇ ಆಗುತ್ತಿತ್ತು. ಅವನಿಗೆ ನಿಜ ಹೇಳಿಕೊಳ್ಳಲು ಒಬ್ಬರಾದರೂ ಇರುತ್ತಿದ್ದರು.

ಏಕೆಂದರೆ ಅವನು ಕೆಟ್ಟವನಲ್ಲ, ಮರುಳಪ್ಪ. ಕೆಟ್ಟವನಾಗಿದ್ದರೆ ಚೆನ್ನಾಗಿ ನಿದ್ದೆ ಮಾಡುತ್ತಿದ್ದ. ಪ್ರಶಸ್ತಿ ಬಂದಾಗಲೆಲ್ಲ ಗಿಡ್ಡನ ನೆನಪಾಗುತ್ತಿತ್ತು. ಆ ದಿನ ಆ ನಗು ಅವನ ಮುಖದ ಮೇಲೆ ಹಾಗೆಯೇ ನಿಂತು, ಆಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಉಳಿದದ್ದು ನೆನಪಾಗುತ್ತಿತ್ತು. ಹೋಗಿ ಕಾಲು ಹಿಡಿಯೋಣ ಎನ್ನುವನು. ಪ್ರದರ್ಶನ ಮುಗಿಯಲಿ ಎನ್ನುವನು. ಫೋನ್ ನಂಬರು ತರಿಸಿಕೊಂಡ. ಒತ್ತಿದ. ಆ ಕಡೆಯಿಂದ “ಹಲೋ, ಯಾರು?” ಎಂದಾಗ ಇಟ್ಟುಬಿಟ್ಟ. ಹೀಗೆ ಕೂದಲು ನರೆಯಿತು.

ಕೊನೆಗೆ ಅವನಿಗೆ ಒಂದು ಉಪಾಯ ಹೊಳೆಯಿತು. “ನಾನು ಮಾತಿನವನಲ್ಲ. ಬರೆಯುವವನು. ನನ್ನ ಚಿತ್ರವೇ ಅವನಿಗೆ ಹೇಳಲಿ,” ಎಂದುಕೊಂಡ. ಇಂಥ ಉಪಾಯ ಚಿತ್ರಗಾರರಿಗೆ ಮಾತ್ರ ಹೊಳೆಯುತ್ತದೆ. ಚಮ್ಮಾರನಿಗೆ ಹೊಳೆಯುವುದಿಲ್ಲ, ಅಕ್ಕಸಾಲಿಗನಿಗೆ ಹೊಳೆಯುವುದಿಲ್ಲ. ಅವರು ಬಾಯಲ್ಲೇ ಹೇಳುತ್ತಾರೆ.

ಅವನು ಗಿಡ್ಡನ ಚಿತ್ರ ಬರೆದ. ಪ್ರಾಯದ ಗಿಡ್ಡ, ಆ ಕೋಣೆಯ ಚಾಪೆಯ ಮೇಲೆ ಕೂತಿದ್ದಾನೆ. ಎರಡೂ ಅಂಗೈಗಳನ್ನು ಮುಂದೆ ಬಿಚ್ಚಿ ಹಿಡಿದಿದ್ದಾನೆ. ಮುಖ ಒಂದೇ ಸಲಕ್ಕೆ ಬಂತು. ಕೈ ಬರಲಿಲ್ಲ. ಬರೆದ, ಚೂರಿಯಿಂದ ಕೆರೆದು ತೆಗೆದ, ಮತ್ತೆ ಬರೆದ. ಒಂದು ಮಳೆಗಾಲವೆಲ್ಲ ಅದೇ ಆಯಿತು. ಕೈ ಬರೆಯಬಲ್ಲ ಹುಡುಗರು ಅವನ ಕೈಕೆಳಗೆ ಬೇಕಾದಷ್ಟಿದ್ದರು. ಒಬ್ಬರನ್ನೂ ಮುಟ್ಟಗೊಡಲಿಲ್ಲ. ಕೊನೆಗೆ ಬಂದದ್ದು ಆ ಹಳೆಯ ಬದನೆಕಾಯಿಯೇ. ಅದನ್ನು ಹಾಗೆಯೇ ಬಿಟ್ಟ. ನನಗೆ ಬರುವುದಿಲ್ಲ, ಎಂದೂ ಬಂದಿರಲಿಲ್ಲ, ಅದೆಲ್ಲ ನಿನ್ನದೇ ಎಂದು ಗಿಡ್ಡನಿಗೆ ತಿಳಿಯಲಿ ಎಂಬುದೇ ಅವನ ಉದ್ದೇಶ. ಒಳ್ಳೆಯ ಉದ್ದೇಶ. ಇಲ್ಲ ಎನ್ನುವುದಿಲ್ಲ.

ಹೊಸ ಪ್ರದರ್ಶನದಲ್ಲಿ ಆ ಚಿತ್ರವನ್ನು ನಡುಗೋಡೆಗೆ ಹಾಕಿಸಿದ. ಗಿಡ್ಡನಿಗೆ ಒಂದು ಕರೆಯೋಲೆ ಹೋಯಿತು. ಎಲ್ಲರಿಗೂ ಹೋದ ಅದೇ ಅಚ್ಚಿನ ಕಾರ್ಡು. ಅದರ ಮೇಲೆ ಎರಡು ಅಕ್ಷರ ಸ್ವಂತದ್ದು ಬರೆಯೋಣವೆಂದು ಪೆನ್ನು ತೆಗೆದನಂತೆ. ಏನು ಬರೆಯುವುದೆಂದು ತಿಳಿಯದೆ ಪೆನ್ನು ಮುಚ್ಚಿದ.

ಗ್ಯಾಲರಿಯಲ್ಲಿ ಪ್ರತಿ ಚಿತ್ರದ ಪಕ್ಕದಲ್ಲೂ ಒಂದು ಚೀಟಿ ಇರುತ್ತದೆ. ಅದರಲ್ಲಿ ಚಿತ್ರದ ಹೆಸರು. ಚಿತ್ರ ಮಾರಾಟವಾದರೆ ಆ ಚೀಟಿಯ ಮೇಲೆ ಒಂದು ಕೆಂಪು ಚುಕ್ಕಿ ಅಂಟಿಸುತ್ತಾರೆ. ಚುಕ್ಕಿ ಕಂಡವರು ಇದು ಹೋಯಿತು ಎಂದು ಮುಂದೆ ನಡೆಯುತ್ತಾರೆ. ಅದು ಅಲ್ಲಿಯ ಪದ್ಧತಿ.

“ಇದಕ್ಕೆ ಏನೆಂದು ಹೆಸರು ಬರೆಸಲಿ?” ಎಂದು ಯಜಮಾನಿ ಕೇಳಿದಳು.

ಇದೊಂದು ಅವಕಾಶವಿತ್ತು ಅವನಿಗೆ. ನನ್ನ ಚಿತ್ರಗಳ ಕೈ ಬರೆದವನು ಎಂದು ಬರೆಸಿದ್ದರೆ ಆಗಿಹೋಗುತ್ತಿತ್ತು. ಬಾಯಿಗೆ ಬಂತು. ಆದರೆ ಆ ವಿಮರ್ಶಕ, ಆ ಪ್ರಶಸ್ತಿ ಕೊಟ್ಟವರು, ಆ ಕೊಂಡವರು ಎಲ್ಲ ಕಣ್ಣ ಮುಂದೆ ಬಂದರು.

“ಹೆಸರು ಬೇಡ,” ಎಂದ.

‘ಶೀರ್ಷಿಕೆಯಿಲ್ಲ’ ಎಂದು ಚೀಟಿ ಅಂಟಿತು.

“ಮತ್ತೆ ಇದು ಮಾರಾಟಕ್ಕಿಲ್ಲ. ಒಬ್ಬರಿಗೆ ಎತ್ತಿಟ್ಟದ್ದು,” ಎಂದ ಉದ್ದ.

“ಯಾರಿಗೆ?”

“ಅವರು ಬಂದಾಗ ಹೇಳುತ್ತೇನೆ.”

“ಮಾರಾಟಕ್ಕಿಲ್ಲ ಎಂದು ಬರೆದರೆ ಎಲ್ಲರೂ ಅದನ್ನೇ ಕೇಳುತ್ತಾರೆ ಸ್ವಾಮಿ. ಯಾಕಿಲ್ಲ ಎಂದು ಪ್ರಾಣ ತಿನ್ನುತ್ತಾರೆ. ಒಂದು ಕೆಂಪು ಚುಕ್ಕಿ ಅಂಟಿಸಿಬಿಡಿ. ಯಾರೂ ತುಟಿ ಎರಡು ಮಾಡುವುದಿಲ್ಲ.”

ಯಾರೂ ಕೇಳಬಾರದು ಎಂಬುದೇ ಅವನಿಗೂ ಬೇಕಾಗಿತ್ತು. ತನ್ನ ಕೈಯಾರೆ ಚುಕ್ಕಿ ಅಂಟಿಸಿದ. ಅಂಟಿಸುವಾಗ ಅವನಿಗೆ ಸಂತೋಷವೂ ಆಯಿತಂತೆ. ಈ ಚುಕ್ಕಿ ಇರುವ ತನಕ ಇದು ಗಿಡ್ಡನದೇ, ಇನ್ನೊಬ್ಬರು ಮುಟ್ಟುವಂತಿಲ್ಲ ಎಂದುಕೊಂಡ.

ಉದ್ಘಾಟನೆಗೆ ಗಿಡ್ಡ ಬರಲಿಲ್ಲ. ಉದ್ದ ಬಾಗಿಲ ಕಡೆಯೇ ನೋಡುತ್ತಿದ್ದ. ಮಾರನೆಯ ದಿನವೂ ಬಂದು ಕೂತ. ಆಮೇಲೆ ಬೇಸರವಾಯಿತು. ಒಬ್ಬ ದೊಡ್ಡ ಗಿರಾಕಿ ಊಟಕ್ಕೆ ಕರೆದ, ಹೋದ.

ಗಿಡ್ಡ ಬಂದದ್ದು ಆ ಹೊತ್ತಿಗೇ. ಶಾಲೆಗೆ ರಜೆ ಹಾಕಿ, ಬಸ್ಸು ಹಿಡಿದು ಬಂದಿದ್ದ. ಬಗಲಲ್ಲಿ ಚೀಲ, ಚೀಲದಲ್ಲಿ ಹೆಂಡತಿ ಕಟ್ಟಿಕೊಟ್ಟ ಬುತ್ತಿ. “ಹೋಗಬೇಡಿ, ಅವನ ಮುಖ ಯಾಕೆ ನೋಡುತ್ತೀರಿ?” ಎಂದು ಆಕೆ ತಡೆದಿದ್ದಳಂತೆ. “ಒಂದು ಸಲ ನೋಡಿ ಬರುತ್ತೇನೆ. ಕರೆದಿದ್ದಾನಲ್ಲ,” ಎಂದು ಅವನು ಹೊರಟಿದ್ದ.

ಒಳಗೆ ಬಂದ. ಒಂದೊಂದೇ ಚಿತ್ರ ನೋಡಿದ. ಸೆರಗಿನೊಳಗೆ ಕೈ, ಜೇಬಿನೊಳಗೆ ಕೈ. ಏಕೆಂದು ಅಲ್ಲಿದ್ದವರಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಮುಖ ಬಿಗಿದುಕೊಂಡೇ ನಡೆದ. ಆಮೇಲೆ ನಡುಗೋಡೆಯ ಮುಂದೆ ಬಂದ.

ಅಲ್ಲಿ ಅವನೇ ಇದ್ದ.

ಗಿಡ್ಡ ಮೊದಲು ಮುಖ ನೋಡಿದ. ಆಮೇಲೆ ಕೈ ನೋಡಿದ. ನೋಡಿ, ಗಟ್ಟಿಯಾಗಿ ನಕ್ಕುಬಿಟ್ಟ.

“ಅಯ್ಯೋ ಇವನ! ಇನ್ನೂ ಬದನೆಕಾಯಿಯೇ ಬರೆಯುತ್ತಾನಲ್ಲೋ!” ಎಂದ.

ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗ್ಯಾಲರಿಯಲ್ಲಿ ಯಾರೂ ಹಾಗೆ ನಗುವುದಿಲ್ಲ. ಗಿಡ್ಡನಿಗೆ ಅದರ ಪರಿವೆಯೇ ಇಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಎಷ್ಟೋ ವರ್ಷದಿಂದ ಎದೆಯಲ್ಲಿ ಕಲ್ಲಿನಂತೆ ಕೂತಿದ್ದದ್ದು ಆ ಗಳಿಗೆಯಲ್ಲಿ ಕರಗಿತು. ಚಿತ್ರ ಹೇಳಬೇಕಾದದ್ದನ್ನು ಹೇಳಿತು, ಮರುಳಪ್ಪ. ಅದರಲ್ಲಿ ಸುಳ್ಳಿಲ್ಲ. ಆ ಗಳಿಗೆಯಲ್ಲಿ ಉದ್ದ ಅಲ್ಲಿದ್ದಿದ್ದರೆ ಇಬ್ಬರೂ ತಬ್ಬಿಕೊಂಡು ಅಳುತ್ತಿದ್ದರು. ಉದ್ದ ಅಲ್ಲಿರಲಿಲ್ಲ. ಎಲ್ಲೋ ಕೂತು ಮೀನಿನ ಮುಳ್ಳು ತೆಗೆಯುತ್ತಿದ್ದ.

ಗಿಡ್ಡ ಯಜಮಾನಿಯ ಬಳಿ ಹೋದ. ಈ ಚಿತ್ರ ನನಗೆ ಬೇಕು ಎಂದು ಕೇಳುವ ಆಸೆ ಅವನಿಗೆ. ಕೊಳ್ಳುವ ಶಕ್ತಿಯಿಲ್ಲ, ಆದರೂ ಕೇಳೋಣವೆಂದು.

“ಅಮ್ಮಾ, ಆ ನಡುವಿನ ಚಿತ್ರ...”

“ಅದು ಆಗಿಹೋಗಿದೆ. ಚುಕ್ಕಿ ನೋಡಲಿಲ್ಲವೇ?” ಎಂದಳು ಯಜಮಾನಿ.

ಗಿಡ್ಡ ನೋಡಿರಲಿಲ್ಲ. ಈಗ ತಿರುಗಿ ನೋಡಿದ.

“ಯಾರಿಗೆ ಆಯಿತು?”

“ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಯಾರೋ ಬೇಕಾದವರಿರಬೇಕು. ಪ್ರದರ್ಶನ ಶುರುವಾಗುವ ಮೊದಲೇ ಹೋಯಿತು.”

ಚುಕ್ಕಿ ಇದ್ದಮೇಲೆ ಬಂದವರಿಗೆ ಆಕೆ ಹೇಳುವುದೇ ಹಾಗೆ. ಯಾರಿಗೆ ಎತ್ತಿಟ್ಟದ್ದೆಂದು ಆಕೆಗೂ ಗೊತ್ತಿರಲಿಲ್ಲ. ಎದುರಿಗೆ ನಿಂತವನೇ ಆ ಬೇಕಾದವನೆಂದು ಆಕೆಗೆ ಹೇಗೆ ತಿಳಿಯಬೇಕು? ಚಿತ್ರದಲ್ಲಿದ್ದವನಿಗೆ ತಲೆ ತುಂಬ ಕೂದಲಿತ್ತು. ಇವನಿಗೆ ಬೋಳು. ಎಷ್ಟೋ ವರ್ಷದ ಹಿಂದೆ ಆ ಕೋಣೆಯಲ್ಲಿ ಕಂಡವನನ್ನು ಆಕೆ ಎಂದೋ ಮರೆತಿದ್ದಳು.

ಗಿಡ್ಡ ಮತ್ತೆ ಚಿತ್ರದ ಹತ್ತಿರ ಹೋದ. ಈ ಸಲ ಚಿತ್ರ ನೋಡಲಿಲ್ಲ. ಚೀಟಿ ಓದಿದ. ಶೀರ್ಷಿಕೆಯಿಲ್ಲ.

“ಕೈ ಮಾರಿದ್ದ. ಈಗ ನನ್ನನ್ನೇ ಮಾರಿದ. ಅದಕ್ಕೂ ಒಂದು ಹೆಸರು ಕೊಡಲಿಲ್ಲ,” ಎಂದ. ಯಾರಿಗೂ ಹೇಳಿದ್ದಲ್ಲ. ಪಕ್ಕದಲ್ಲಿದ್ದವರಿಗೆ ಕೇಳಿಸಿತು, ಅಷ್ಟೆ. ಕೇಳಿಸಿದ್ದು ನನ್ನ ತನಕ ಬಂದಿದೆ.

ಚೀಲ ಬಗಲಿಗೆ ಹಾಕಿಕೊಂಡು ಹೊರಟುಹೋದ.

ಉದ್ದ ಊಟ ಮುಗಿಸಿ ಬಂದಾಗ ಯಜಮಾನಿ ನಗುತ್ತ ಹೇಳಿದಳು. “ಯಾರೋ ಒಬ್ಬ ಗಿಡ್ಡ ಮುದುಕ ಬಂದಿದ್ದ. ಆ ಚಿತ್ರದ ಮುಂದೆ ನಿಂತು ಹುಚ್ಚನ ಹಾಗೆ ನಕ್ಕ. ಆಮೇಲೆ ಯಾರು ಕೊಂಡರೆಂದು ಕೇಳಿದ.”

ಉದ್ದ ಬಾಗಿಲ ಕಡೆ ತಿರುಗಿದ. “ನೀವೇನು ಹೇಳಿದಿರಿ?”

“ಹೋಗಿದೆ ಎಂದೆ. ನೀವೇ ಅಂಟಿಸಿದ್ದಲ್ಲವೇ?”

ಉದ್ದ ಬಸ್ ನಿಲ್ದಾಣಕ್ಕೆ ಓಡಿದ. ಪ್ರಶಸ್ತಿಯ ಶಾಲು ಹೊದ್ದುಕೊಂಡು ಓಡುತ್ತಿದ್ದವನನ್ನು ಜನ ನಿಂತು ನೋಡಿದರಂತೆ. ಬಸ್ಸು ಹೋಗಿತ್ತು. ಮಾರನೆಯ ದಿನ ಚಿತ್ರವನ್ನು ಗೋಡೆಯಿಂದ ಇಳಿಸಿ, ಬಟ್ಟೆ ಸುತ್ತಿ, ಕಾರಿನಲ್ಲಿ ಹಾಕಿಕೊಂಡು ಆ ಸಣ್ಣ ಊರಿಗೆ ಹೋದ. ಯಜಮಾನಿ ಬೇಡವೆಂದರೂ ಕೇಳಲಿಲ್ಲ. ಈಗ ಯಾರು ಏನು ಕೇಳಿಯಾರು ಎಂಬ ಭಯವೂ ಅವನಿಗಿರಲಿಲ್ಲ. ಆ ಧೈರ್ಯ ಒಂದೇ ಒಂದು ದಿನ ಮೊದಲು ಬಂದಿದ್ದರೆ!

ಗಿಡ್ಡ ಶಾಲೆಯ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಉದ್ದನನ್ನು ಕಂಡು ಎದ್ದು ನಿಂತ. ಬೈಯಲಿಲ್ಲ. ಇನ್ನೊಂದು ಕುರ್ಚಿ ತಂದು ಹಾಕಿದ. ಉದ್ದ ಕೂರಲಿಲ್ಲ.

“ಲೇ ಗಿಡ್ಡ, ಆ ಚುಕ್ಕಿ ನಿನಗಾಗಿಯೇ ಕಣೋ. ಬೇರೆ ಯಾರೂ ಒಯ್ಯಬಾರದೆಂದು ನಾನೇ ಅಂಟಿಸಿದ್ದು. ಕೈ ನಿನ್ನದು. ಆ ದಿನ ಹೇಳಬೇಕಾಗಿತ್ತು. ಹೇಳಲಿಲ್ಲ. ತಪ್ಪಾಯಿತು,” ಎಂದ. ಎಲ್ಲವನ್ನೂ ಹೇಳಿದ. ಒಂದನ್ನೂ ಬಚ್ಚಿಡಲಿಲ್ಲ.

ಗಿಡ್ಡ ಪೂರ್ತಿ ಕೇಳಿದ.

“ನಂಬುತ್ತೇನೆ ಕಣೋ ಉದ್ದ,” ಎಂದ. “ನೀನು ಸುಳ್ಳು ಹೇಳುವಾಗ ನಿನ್ನ ಮುಖ ಹೇಗಿರುತ್ತದೆಂದು ನಾನು ನೋಡಿದ್ದೇನೆ. ಇದು ಹಾಗಿಲ್ಲ.”

“ಹಾಗಾದರೆ?”

“ನಿನ್ನೆ ಆ ಚಿತ್ರದ ಮುಂದೆ ನಿಂತಾಗ ನಿನ್ನನ್ನು ಕ್ಷಮಿಸಿದ್ದೆ. ನಾನು ಕ್ಷಮಿಸಬೇಕೆಂದು ಹೊರಟವನೇ ಅಲ್ಲ, ಅದು ತಾನಾಗಿ ಬಂತು. ಮನಸ್ಸು ಎಷ್ಟು ಹಗುರಾಗಿತ್ತು ಗೊತ್ತೇ? ಬಸ್ಸಿನಲ್ಲಿ ಬರುವಾಗ ಅದನ್ನು ಹುಡುಕಿದೆ. ಈಗಲೂ, ನೀನು ಹೇಳುತ್ತಿರುವಾಗಲೂ, ಹುಡುಕುತ್ತಲೇ ಇದ್ದೇನೆ. ಸಿಗುತ್ತಿಲ್ಲ ಕಣೋ.”

ಉದ್ದ ಬಟ್ಟೆ ಬಿಚ್ಚಿ ಚಿತ್ರವನ್ನು ಕುರ್ಚಿಗೆ ಒರಗಿಸಿದ. ಗಿಡ್ಡ ಅದನ್ನು ಬಹಳ ಹೊತ್ತು ನೋಡಿದ. ನಗು ಬರಲಿ ಎಂದು ಕಾಯುವವನ ಹಾಗೆ ನೋಡಿದ. ಬರಲಿಲ್ಲ.

“ಯಾರೋ ಕೊಂಡವರ ಮನೆಯದನ್ನು ನೋಡಿದ ಹಾಗೆ ಕಾಣುತ್ತದೆ. ತೆಗೆದುಕೊಂಡು ಹೋಗು,” ಎಂದ.

ಮನೆಗೆ ಕರೆದೊಯ್ದು ಊಟ ಮಾಡಿಸಿಯೇ ಕಳಿಸಿದ. ಕಾರಿನ ತನಕ ಬಂದ. ಚಿತ್ರ ಹಿಂದಿನ ಸೀಟಿನಲ್ಲಿ ಅಲುಗಾಡದಂತೆ ತಾನೇ ಹಗ್ಗ ಬಿಗಿದ. ಅವನ ಹೆಂಡತಿ ಮಾತ್ರ ಬಾಗಿಲ ಮರೆಯಿಂದ ಹೊರಗೆ ಬರಲಿಲ್ಲ.

ಅಂದಿನಿಂದ ಉದ್ದನಿಗೆ ಹೇಳುವ ಹುಚ್ಚು ಹಿಡಿಯಿತು. ಸಭೆಯಲ್ಲಿ ಹೇಳಿದ, ಪತ್ರಿಕೆಯವರಿಗೆ ಹೇಳಿದ. “ನನಗೆ ಕೈ ಬರೆಯಲು ಬರುವುದಿಲ್ಲ. ಆ ಹಳೆಯ ಕೈಗಳೆಲ್ಲ ನನ್ನ ಗೆಳೆಯನವು,” ಎಂದು ಕಂಡಕಂಡವರ ಹತ್ತಿರ ಹೇಳಿದ. ಯಾರೂ ನಂಬಲಿಲ್ಲ. “ಎಂಥ ವಿನಯ! ಇಷ್ಟು ಬೆಳೆದ ಮೇಲೂ ಎಷ್ಟು ತಗ್ಗಿ ನಡೆಯುತ್ತಾರೆ ನೋಡಿ,” ಎಂದು ಕೈ ಮುಗಿದರು. ಆ ವಿಮರ್ಶಕನಿಗೆ ಆಗ ಕಣ್ಣು ಮಂಜಾಗಿತ್ತು. ಆದರೂ ಹೇಳಿ ಬರೆಸಿದ, ಉದ್ದನ ವಿನಯದ ಮೇಲೆ ಒಂದು ಲೇಖನ. ಜನ ಹೊಗಳಿದಷ್ಟೂ ಉದ್ದ ಅಳುತ್ತಿದ್ದ. ಅದನ್ನೂ ವಿನಯವೆಂದೇ ತಿಳಿದರು.

ಗಿಡ್ಡನೂ ಉದ್ದನೂ ಆಮೇಲೆ ಬೇರೆಯವರ ಮನೆಯ ಮದುವೆಗಳಲ್ಲಿ ಎದುರಾದದ್ದುಂಟು. ಚೆನ್ನಾಗಿದ್ದೀಯಾ ಎಂದು ಕೇಳಿಕೊಂಡರು. ಚೆನ್ನಾಗಿದ್ದೇನೆ ಎಂದು ಹೇಳಿಕೊಂಡರು. ಮುಂದಿನ ಮಾತು ಇಬ್ಬರಿಗೂ ಸಿಗಲಿಲ್ಲ.

ನಿಂಬವ್ವತಾಯಿ ಕತೆ ನಿಲ್ಲಿಸಿದರು. ಮರುಳಪ್ಪನಿಗೆ ಸಮಾಧಾನವಾಗಲಿಲ್ಲ.

“ಆದರೆ ಅವ್ವಾ, ಅವನ ಮನಸ್ಸು ಶುದ್ಧವಾಗಿತ್ತಲ್ಲ. ಪಶ್ಚಾತ್ತಾಪ ನಿಜವಾದದ್ದೇ ಅಲ್ಲವೇ? ಪಾಪ, ಅವನು ಮಾಡಿದ ತಪ್ಪಾದರೂ ಏನು?” ಎಂದು ಕೇಳಿದ.

“ಅವನು ಹೋಗಿ ಗೋಡೆಗೆ ಹೇಳಿದ; ನೀನು ಬಂದು ನನಗೆ ಹೇಳುತ್ತಿದ್ದೀ,” ಎಂದರು ನಿಂಬವ್ವತಾಯಿ.

ಮರುಳಪ್ಪ ಎದ್ದು ಗುರುಪಾದನನ್ನು ಹುಡುಕಿಕೊಂಡು ಹೊರಟ.